ಅತ್ತೆಯ ಟ್ರಿಗರ್‌ಗೆ ಅರ್ಧ ಕಿಲೋ ಬಟ್ಟು

ಈ ದೇಶಕ್ಕೆ ಬಂದ ಮೇಲೆ ಕಾರಿನಲ್ಲಿ ಕೂತೇ ಪೆಟ್ರೋಲ್ ಹಾಕಿಸಿಕೊಳ್ಳುವ ಸುಖ ನನಗೆ ತಪ್ಪಿಹೋಯಿತು. ಇಲ್ಲಿ ನಾವೇ ಇಳಿದು, ಪೈಪು ಎಳೆದು, ಹಿಡಿ ಒತ್ತಿ ಹಾಕಿಕೊಳ್ಳಬೇಕು. ಮೊನ್ನೆ ಕ್ಯಾನಿಂಗ್ ವೇಲ್‌ನ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಹಾಗೆ ಒತ್ತುತ್ತಾ ನಿಂತಿದ್ದಾಗ ನನ್ನ ಕೈಯ ಕಡೆ ನನ್ನದೇ ಗಮನ ಹೋಯಿತು. ಎಲ್ಲರ ಹಾಗೆ ಮುಷ್ಟಿ ಬಿಗಿದು ಒತ್ತುವುದು ಬಿಟ್ಟು, ತೋರುಬೆರಳ ತುದಿಯ ಮೆತ್ತಗಿನ ಭಾಗದಿಂದ, ಉಸಿರು ಅರ್ಧ ಹೊರಬಿಟ್ಟು, ಆಚೀಚೆ ಅಲುಗದಂತೆ ನೇರ ಹಿಂದಕ್ಕೆ ಎಳೆಯುತ್ತಿದ್ದೆ. ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಮಾಡಿದ.

ಈ ಚಾಳಿಯನ್ನು ನನಗೆ ಅಂಟಿಸಿದವರು ನಮ್ಮ ಅತ್ತೆ ಸರೋಜಮ್ಮನವರು. ನನ್ನ ಗಂಡ ರಘುವಿನ ತಾಯಿ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾವ ತೀರಿಕೊಂಡ ಮೇಲೆ ಪರ್ತ್‌ಗೆ ನಮ್ಮ ಜೊತೆ ಇರಲು ಬಂದರು. ಅವರು ಬರುವ ಮುಂಚೆ ನನಗಿದ್ದದ್ದು ಒಂದೇ ಚಿಂತೆ: ಇನ್ನು ಮೇಲೆ ಅಡುಗೆಮನೆ ಯಾರದು? ನಾನು ಅದಕ್ಕಾಗಿ ಮನಸ್ಸಿನಲ್ಲೇ ಸೊಂಟ ಕಟ್ಟಿ ನಿಂತಿದ್ದೆ. ಅತ್ತೆ ಬಂದರು, ಅಡುಗೆಮನೆಯನ್ನು ಒಮ್ಮೆ ಇಣುಕಿ ನೋಡಿ ಚೆನ್ನಾಗಿದೆ ಎಂದರು, ಪಿಸ್ತೂಲ್ ಕ್ಲಬ್ ಸೇರಿದರು. ಯುದ್ಧವೇ ಇಲ್ಲದೆ ಗೆದ್ದ ಸಪ್ಪೆ ಮುಖದಲ್ಲಿ ನಾನು ಹುಳಿಗೆ ಒಗ್ಗರಣೆ ಹಾಕುತ್ತಾ ಉಳಿದೆ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಲೊರೇನ್. ಅತ್ತೆಗಿಂತ ಒಂದೆರಡು ವರ್ಷ ಚಿಕ್ಕವಳು, ಬಿಸಿಲಿಗೆ ಕೆಂಪಾದ ತೋಳು, ದೊಡ್ಡ ಗಂಟಲು. ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುತ್ತಾ ಮಾತಿಗೆ ಮಾತು ಬಂದು, ಅತ್ತೆ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದದ್ದು, ಅಲ್ಲಿ ರೈಫಲ್ ಹಿಡಿದು ಗುಂಡು ಹೊಡೆದದ್ದು, ಆಮೇಲೆ ಮದುವೆಯಾದದ್ದು, ಎಲ್ಲ ಹೊರಬಿತ್ತು. “ಶನಿವಾರ ಆರ್ವೋ ನನ್ನ ಜೊತೆ ಬಾ, ಸರೋ” ಎಂದಳು ಲೊರೇನ್. ಮಧ್ಯಾಹ್ನಕ್ಕೆ ಆರ್ವೋ ಎನ್ನುತ್ತಾರೆಂದು ನಾನು ಅತ್ತೆಗೆ ಬಿಡಿಸಿ ಹೇಳಬೇಕಾಯಿತು. ಅದೇ ನಾನು ಅವರಿಗೆ ಹೇಳಿಕೊಟ್ಟ ಕೊನೆಯ ಪಾಠ. ಅಲ್ಲಿಂದಾಚೆಗೆ ಹೇಳಿಕೊಡುವುದೆಲ್ಲ ಅವರದೇ ಆಯಿತು.

ಇಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಸುಲಭವಲ್ಲ. ತಿಂಗಳುಗಟ್ಟಲೆ ಕ್ಲಬ್ಬಿನಲ್ಲಿ ಮೇಲ್ವಿಚಾರಣೆಯಲ್ಲಿ ಕಲಿಯಬೇಕು, ಪೊಲೀಸರು ಪೂರ್ವಾಪರ ವಿಚಾರಿಸಬೇಕು, ಮನೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಉಕ್ಕಿನ ತಿಜೋರಿ ಇರಬೇಕು. ಕೀಲಿ ಲೈಸೆನ್ಸ್ ಇದ್ದವರ ಹತ್ತಿರ ಮಾತ್ರ. ಹೀಗಾಗಿ ನಮ್ಮ ಮನೆಯ ಬೀಗದ ಕೈ ಸೊಸೆಯ ಹತ್ತಿರ, ತಿಜೋರಿಯದು ಅತ್ತೆಯ ಹತ್ತಿರ. ಅತ್ತೆಯ ಬೀಗರಿಗೆ, ಅಂದರೆ ನನ್ನ ತವರಿನವರಿಗೆ, ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಹೇಳಲೇ ಇಲ್ಲ.

ಅತ್ತೆಗೆ ಗುರಿಗಿಂತ ಮೊದಲು ಹುಚ್ಚು ಹಿಡಿಸಿದ್ದು ಟ್ರಿಗರ್. ಕ್ಲಬ್ಬಿನ ತರಬೇತುದಾರ ಡೆಸ್ ಮೊದಲ ದಿನವೇ ಅವರ ಕೈಗೆ ಖಾಲಿ ರಿವಾಲ್ವರ್ ಕೊಟ್ಟು ಎಳೆಯಿರಿ ಎಂದನಂತೆ. ಅತ್ತೆ ರಾತ್ರಿ ಊಟಕ್ಕೆ ಕೂತು ವಿವರಿಸಿದರು. “ಬೆರಳು ಎಳೀತಾ ಎಳೀತಾ ಹಿಂದಗಡೆ ಸುತ್ತಿಗೆ ತಾನೇ ಮೇಲಕ್ಕೆ ಏಳುತ್ತೆ ಕಣೇ ವೀಣಾ. ಪೂರ್ತಿ ಎದ್ದ ಮೇಲೆ ಜಾರಿ ದಪ್ ಅಂತ ಬೀಳುತ್ತೆ. ಎತ್ತೋದೂ ಅದೇ ಬೆರಳು, ಬೀಳ್ಸೋದೂ ಅದೇ ಬೆರಳು. ಎರಡು ಕೆಲಸ. ಅದಕ್ಕೇ ಡಬಲ್ ಆಕ್ಷನ್.”

“ಭಾರ ಇರುತ್ತಾ ಅತ್ತೆ?”

“ಇರದೆ ಏನು? ಸ್ಪ್ರಿಂಗ್ ಎಳೀಬೇಕಲ್ಲ. ಬಾವೀಲಿ ನೀರು ಸೇದಿದ ಹಾಗೆ ಆಗುತ್ತೆ.”

ನನಗೆ ತಟ್ಟನೆ ನಮ್ಮ ಮನೆಯ ದೀಪಾವಳಿ ನೆನಪಾಯಿತು. ತಗಡಿನ ಪಿಸ್ತೂಲು, ಒಳಗೆ ಸುತ್ತಿಟ್ಟ ಕೆಂಪು ಕಾಗದದ ಕೇಪು. ನನ್ನ ಪುಟ್ಟ ಬೆರಳಿಗೆ ಅದನ್ನು ಎಳೆಯಲು ಬಾರದೆ ಎರಡೂ ಕೈಯ ಬೆರಳು ಸೇರಿಸಿ ಎಳೆಯುತ್ತಿದ್ದೆ. ಎಳೆಯುವ ರಭಸಕ್ಕೆ ಮೂತಿ ಎತ್ತೆತ್ತಲೋ ತಿರುಗುತ್ತಿತ್ತು. ಅಣ್ಣ ಮಾತ್ರ ಹೆಬ್ಬೆರಳಿನಿಂದ ಸುತ್ತಿಗೆಯನ್ನು ಮೊದಲೇ ಹಿಂದಕ್ಕೆ ಮಡಚಿ, ಆಮೇಲೆ ಬೆರಳು ಸೋಕಿಸಿ ಪಟ್ ಅನ್ನಿಸುತ್ತಿದ್ದ. ಅವನು ಗಂಡುಹುಡುಗ, ಬಲ ಜಾಸ್ತಿ ಎಂದೇ ನಾನು ಅಷ್ಟು ವರ್ಷ ನಂಬಿದ್ದೆ. ಅದನ್ನು ಹೇಳಿದ್ದಕ್ಕೆ ಅತ್ತೆ ತಟ್ಟೆಯ ಮೇಲೆ ಕೈ ತಟ್ಟಿ ನಕ್ಕರು. “ಬಲವೂ ಇಲ್ಲ, ಮಣ್ಣೂ ಇಲ್ಲ. ಅವನು ಸಿಂಗಲ್ ಆಕ್ಷನ್ ಹೊಡೀತಿದ್ದ, ನೀನು ಡಬಲ್! ಸುತ್ತಿಗೆ ಎತ್ತೋ ಕೆಲಸ ಹೆಬ್ಬೆರಳು ಮೊದಲೇ ಮಾಡಿಬಿಟ್ರೆ ಟ್ರಿಗರ್‌ಗೆ ಉಳಿಯೋದು ಬಿಡೋ ಕೆಲಸ ಒಂದೇ. ಹೂವಿನ ಹಾಗೆ ಬಿಡುತ್ತೆ.”

ಬಾಲ್ಯದ ಒಂದು ಸೋಲನ್ನು ಇಷ್ಟು ಸುಲಭವಾಗಿ ರದ್ದು ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಅವತ್ತಿನಿಂದ ನಾನೂ ಕಿವಿಗೊಟ್ಟು ಕೇಳತೊಡಗಿದೆ.

ಎತ್ತಿದ ಸುತ್ತಿಗೆ ಬೀಳದಂತೆ ಹಿಡಿದಿರುವುದು ಯಾವುದು ಎಂದು ಕೇಳಿದೆ. ಅತ್ತೆಯ ಕಣ್ಣು ಹೊಳೆಯಿತು. ಅದೊಂದು ಉಗುರಿನಷ್ಟು ಉಕ್ಕಿನ ತುಂಡು, ಇಂಗ್ಲಿಷಿನಲ್ಲಿ ಸಿಯರ್ ಅನ್ನುತ್ತಾರೆ, ಅತ್ತೆಯ ಬಾಯಲ್ಲಿ ಅದು ಕೊಕ್ಕೆ. ಸುತ್ತಿಗೆಯ ಬುಡದಲ್ಲಿ ಒಂದು ಕಚ್ಚು ಇರುತ್ತದೆ, ಕೊಕ್ಕೆ ಅದರಲ್ಲಿ ಕೂರುತ್ತದೆ. ಟ್ರಿಗರ್ ಮಾಡುವುದೆಲ್ಲ ಇಷ್ಟೇ, ಆ ಕೊಕ್ಕೆಯನ್ನು ಕಚ್ಚಿನಿಂದ ಜಾರಿಸುವುದು. ಕೂತಿರುವ ಅಂಚು ಕೂದಲೆಳೆಯಷ್ಟು. ನಮ್ಮ ಹಳೆಯ ಇಲಿ ಬೋನಿನಲ್ಲೂ ಕೊಬ್ಬರಿ ಸಿಕ್ಕಿಸುವ ತಂತಿ ಹೀಗೇ ಬಾಗಿಲನ್ನು ತಡೆದಿರುತ್ತಿತ್ತು. ಇಲಿ ಬಾಗಿಲನ್ನು ಮುಚ್ಚುವುದಿಲ್ಲ, ಕೊಬ್ಬರಿಯನ್ನು ಮುಟ್ಟುತ್ತದೆ ಅಷ್ಟೆ.

ಇನ್ನೊಂದು ವಾರ ಡೆಸ್ ಸುತ್ತಿಗೆಯೇ ಇಲ್ಲದ ಪಿಸ್ತೂಲು ತೋರಿಸಿದ್ದ. ಅದರೊಳಗೆ ಸ್ಪ್ರಿಂಗಿಗೆ ಕೂಡಿಸಿದ ಒಂದು ಮೊಳೆ. ಸ್ಟ್ರೈಕರ್ ಅಂತ ಹೆಸರು. ಹಲವು ಪಿಸ್ತೂಲುಗಳಲ್ಲಿ ಆ ಸ್ಪ್ರಿಂಗನ್ನು ಅರ್ಧಂಬರ್ಧ ಬಿಗಿದು ಇಟ್ಟಿರುತ್ತಾರೆ, ಉಳಿದ ಬಿಗಿ ಟ್ರಿಗರ್ ಎಳೆಯುವಾಗ ಸೇರಿ, ಕೊನೆಗೆ ಮೊಳೆ ಮುಂದಕ್ಕೆ ಚಿಮ್ಮುತ್ತದೆ. ಪ್ರತಿ ಸಲವೂ ಎಳೆತ ಒಂದೇ ತೆರ. ಅತ್ತೆಗೆ ಅದು ಹಿಡಿಸಲಿಲ್ಲ. “ಕೆಲಸಕ್ಕೆ ಒಳ್ಳೇದು. ಆದ್ರೆ ರಸ ಇಲ್ಲ” ಎಂದುಬಿಟ್ಟರು, ಯಾವುದೋ ಕಚೇರಿ ಕೇಳಿ ಎದ್ದು ಬಂದವರ ಹಾಗೆ.

ಅವರ ಮನಸ್ಸು ನಿಂತದ್ದು ಗಾಳಿ ಪಿಸ್ತೂಲಿನ ಎರಡು ಹಂತದ ಟ್ರಿಗರ್ ಮೇಲೆ. ಅದರಲ್ಲೂ ಒಳಗೊಂದು ಸುತ್ತಿಗೆ ಇದೆ, ಆದರೆ ಅದು ಬಡಿಯುವುದು ಗಾಳಿಯ ಕವಾಟಕ್ಕೆ. ಗಾಳಿ ನುಗ್ಗಿ ಪುಟ್ಟ ಸೀಸದ ಗುಂಡನ್ನು ತಳ್ಳುತ್ತದೆ. ಟ್ರಿಗರ್ ಮೊದಲು ಮೆತ್ತಗೆ ಒಂದಿಷ್ಟು ದೂರ ಬರುತ್ತದೆ. ಆಮೇಲೆ ನಿಲ್ಲುತ್ತದೆ. ಅಲ್ಲೊಂದು ತಡೆ. ಆ ತಡೆಯಾಚೆ ಇನ್ನೊಂದು ಚೂರು ಒತ್ತಿದರೆ ಮಾತ್ರ ಕೊಕ್ಕೆ ಜಾರುವುದು. ಸ್ಪರ್ಧೆಯ ನಿಯಮವೂ ಇದೆ: ಟ್ರಿಗರಿನ ಎಳೆತ ಅರ್ಧ ಕಿಲೋಗಿಂತ ಹಗುರ ಇರಬಾರದು. ಗುಂಡು ತುಂಬದೆ ಪಿಸ್ತೂಲನ್ನು ಸಿದ್ಧಮಾಡಿ, ಮೂತಿ ಮೇಲೆ ಮಾಡಿ, ಟ್ರಿಗರ್‌ಗೆ ಅರ್ಧ ಕಿಲೋದ ಬಟ್ಟು ತೂಗುಹಾಕಿ ಮೇಜಿನಿಂದ ಎತ್ತುತ್ತಾರೆ. ಬಟ್ಟು ಮೇಲೆದ್ದರೂ ಪಿಸ್ತೂಲು ಸುಮ್ಮನಿದ್ದರೆ ಪಾಸು. ಪುಸ್ ಎಂದರೆ ಫೇಲು.

ತಮ್ಮದೇ ಪಿಸ್ತೂಲು ಬಂದ ಮೇಲೆ ಅತ್ತೆಗೆ ಲೋಕವೆಲ್ಲ ಟ್ರಿಗರ್ ಆಗಿ ಕಾಣತೊಡಗಿತು. ಬ್ರಿಸ್ಬೇನ್‌ನಲ್ಲಿ ಒಂದು ಸಣ್ಣ ಪಂದ್ಯಕ್ಕೆ ಹೋಗಿದ್ದಾಗ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದಿದ್ದೆವು. ಅವಳು ನಮ್ಮನ್ನು ಇಂಡೂರೂಪಿಲ್ಲಿಯ ದೊಡ್ಡ ಶಾಪಿಂಗ್ ಸೆಂಟರಿಗೆ ಕರೆದುಕೊಂಡು ಹೋದಳು. ನಾವಿಬ್ಬರೂ ಚಪ್ಪಲಿ ನೋಡುತ್ತಿದ್ದರೆ ಅತ್ತೆ ಕಾಣೆ. ಹುಡುಕಿದರೆ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಗಳ ಸಾಲಿನಲ್ಲಿ ನಿಂತು ಒಂದೊಂದನ್ನೇ ಕಣ್ಣು ಮುಚ್ಚಿ ಒತ್ತುತ್ತಿದ್ದರು. ಅಂಗಡಿಯ ಹುಡುಗಿ ಸಂಶಯದಿಂದ ನೋಡುತ್ತಿದ್ದಳು. “ಎಲ್ಲ ಗರಗರ ಅನ್ನುತ್ತೆ. ಒಂದಕ್ಕೂ ಎರಡನೇ ಹಂತ ಇಲ್ಲ” ಎಂದು ನಿಟ್ಟುಸಿರುಬಿಟ್ಟರು. ಆ ಹುಡುಗಿಗೆ ನಾನು ಏನೆಂದು ಸಮಜಾಯಿಷಿ ಕೊಡಲಿ? ಒಂದು ಬಾಟಲಿ ಕೊಂಡು ಹೊರಬಂದೆವು.

ಪಂದ್ಯದಲ್ಲಿ ಅತ್ತೆಯ ಸ್ಥಾನ ಎಲ್ಲೋ ಕೆಳಗಿತ್ತು. ಕೈ ನಡುಗುತ್ತಿತ್ತು. ವಯಸ್ಸಿನ ನಡುಕ, ಔಷಧಿಗೂ ಪೂರ್ತಿ ಬಗ್ಗದ್ದು. ವಾಪಸು ಬಂದ ಮೇಲೆ ಲೊರೇನ್ ತನ್ನ ಎಲೆಕ್ಟ್ರಾನಿಕ್ ಟ್ರಿಗರಿನ ಪಿಸ್ತೂಲು ಹಿಡಿದು ನೋಡೆಂದಳು. ಅದರಲ್ಲಿ ಬೆರಳು ಒತ್ತುವುದು ಒಂದು ಸ್ವಿಚ್ಚನ್ನು. ಬ್ಯಾಟರಿಯ ವಿದ್ಯುತ್ತು ಹರಿದು ಗಾಳಿಯನ್ನು ಬಿಡುತ್ತದೆ. ಕೊಕ್ಕೆಯೂ ಇಲ್ಲ, ಕಚ್ಚೂ ಇಲ್ಲ, ಸವೆತವೂ ಇಲ್ಲ. ಅತ್ತೆ ಕ್ಲಬ್ಬಿನಲ್ಲಿ ಅದನ್ನು ಹೊಡೆದು ನೋಡಿ ಭೇಷ್ ಎಂದರು, ಗೌರವದಿಂದಲೇ ಹಿಂದಿರುಗಿಸಿದರು. ಮನೆಗೆ ಬಂದು ನನ್ನೊಡನೆ ಹೇಳಿದ್ದು ಬೇರೆ. “ಅದಕ್ಕೆ ನನ್ನ ಕೈ ನಡುಗೋದು ಗೊತ್ತೇ ಆಗಲ್ಲ ಕಣೇ. ನನ್ನದಕ್ಕೆ ಗೊತ್ತಾಗುತ್ತೆ, ಕಾಯುತ್ತೆ.”

ಮರುವರ್ಷ ಅಡಿಲೇಡ್‌ನಲ್ಲಿ ಕ್ಲಬ್ಬುಗಳ ನಡುವೆ ಹಿರಿಯ ಮಹಿಳೆಯರ ತಂಡ ಸ್ಪರ್ಧೆ ಇತ್ತು. ತಂಡಕ್ಕೆ ಮೂವರು. ಮೂವರ ಅಂಕವೂ ಬೇಕು. ಒಬ್ಬರದು ಇಲ್ಲವಾದರೆ ತಂಡವೇ ಇಲ್ಲ. ನಮ್ಮ ಕ್ಲಬ್ಬಿನಲ್ಲಿ ಆ ವಯಸ್ಸಿನವರು ಇದ್ದದ್ದೇ ಮೂವರು: ಲೊರೇನ್, ಗ್ಲೆನಿಸ್ ಎಂಬ ಮಾತು ಕಡಿಮೆಯ ನಿವೃತ್ತ ನರ್ಸ್, ಮತ್ತೆ ನಮ್ಮ ಅತ್ತೆ. ಗ್ಲೆನಿಸ್‌ಗೆ ಮಂಡಿ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆಮೇಲೆ ಅಷ್ಟು ಹೊತ್ತು ನಿಲ್ಲಲು ಆಗುತ್ತದೋ ಇಲ್ಲವೋ, ಇದೇ ನನ್ನ ಕೊನೆಯದು ಎಂದುಬಿಟ್ಟಿದ್ದಳು. ಅತ್ತೆಗೆ ಪದಕದ ಆಸೆ ಇರಲಿಲ್ಲ. ತನ್ನಿಂದ ಗ್ಲೆನಿಸ್‌ಳ ಕೊನೆಯ ಪಂದ್ಯ ಕೆಡಬಾರದು ಎಂಬ ಭಯ ಮಾತ್ರ ಇತ್ತು. ಅದಕ್ಕಾಗಿ ಬೆಳಿಗ್ಗೆ ಎದ್ದು, ನೀರು ತುಂಬಿದ ತಂಬಿಗೆಯನ್ನು ಮುಂದಕ್ಕೆ ಚಾಚಿ ಹಿಡಿದು ಹಜಾರದಲ್ಲಿ ನಿಲ್ಲುತ್ತಿದ್ದರು. ನೀರು ತುಳುಕುತ್ತಿತ್ತು. ಮತ್ತೆ ತುಂಬಿಸಿಕೊಂಡು ನಿಲ್ಲುತ್ತಿದ್ದರು.

ಹೊರಡುವ ಹಿಂದಿನ ದಿನ ಆಯುಧಪೂಜೆ. ಪರ್ತ್‌ನಲ್ಲೂ ನಾವು ಅದನ್ನು ಬಿಟ್ಟವರಲ್ಲ. ರಘು ಕಾರು ತೊಳೆದು ನಿಂಬೆಹಣ್ಣು ಇಟ್ಟ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೂವಾಯಿತು, ನನ್ನ ಲ್ಯಾಪ್‌ಟಾಪಿಗೆ ಒಂದು ಬೊಟ್ಟು. ಅತ್ತೆ ತಮ್ಮ ಪಿಸ್ತೂಲನ್ನು ತಾವೇ ತಂದು ಮಣೆಯ ಮೇಲಿಟ್ಟರು. ಎಲ್ಲರೂ ಹೊರಮೈಗೆ ಕುಂಕುಮ ಹಚ್ಚುತ್ತಾರೆ. ಅತ್ತೆ ಟ್ರಿಗರ್ ಬಲ್ಲವರು! ಹಿಡಿಯನ್ನು ಬಿಚ್ಚಿದರು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹತ್ತಿಯ ಬತ್ತಿಯ ತುದಿಗೆ ತೆಗೆದುಕೊಂಡು, ಒಳಗಿನ ಆ ಕೊಕ್ಕೆಗೇ ಒಂದು ಬೊಟ್ಟಿಟ್ಟರು. “ಜೀವ ಇರೋದು ಇಲ್ಲಿ” ಎಂದರು. ಪೂಜೆಗಿಟ್ಟ ಆಯುಧವನ್ನು ಅವತ್ತು ಬಳಸುವಂತಿಲ್ಲ. ಹಾಗೇ ಪೆಟ್ಟಿಗೆಗೆ ಹೋಯಿತು. ಮರುದಿನ ವಿಜಯದಶಮಿ, ಒಳ್ಳೆಯ ದಿನ. ಗಾಳಿಯ ಸಿಲಿಂಡರ್ ಖಾಲಿ ಮಾಡಿ, ಕಾಗದಪತ್ರ ತೋರಿಸಿ ವಿಮಾನ ಹತ್ತಿದೆವು.

ಅಡಿಲೇಡ್‌ನಲ್ಲಿ ಪ್ರಾಸ್ಪೆಕ್ಟ್ ರಸ್ತೆಯ ಹತ್ತಿರ ಮನೆ ಹಿಡಿದಿದ್ದೆವು. ಬೆಳಿಗ್ಗೆ ಅಲ್ಲಿನ ಇಂಡಿಯನ್ ಅಂಗಡಿಯ ಅವಲಕ್ಕಿ ತಂದು ಒಗ್ಗರಣೆ ಹಾಕಿದೆ, ಲೊರೇನ್ ಎರಡು ಸಲ ಹಾಕಿಸಿಕೊಂಡಳು. ಎಲ್ಲರೂ ಹುರುಪಿನಲ್ಲೇ ಗುರಿ ಹೊಡೆಯುವ ರೇಂಜ್ ತಲುಪಿದೆವು. ಪರೀಕ್ಷೆಯ ಮೇಜಿನ ಹತ್ತಿರ ಬಿಳಿ ಮೀಸೆಯ ಅಧಿಕಾರಿ ಅತ್ತೆಯ ಪಿಸ್ತೂಲಿಗೆ ಬಟ್ಟು ತಗುಲಿಸಿ ಎತ್ತಿದ. ಬಟ್ಟು ಮೇಜು ಬಿಡುವ ಮುಂಚೆಯೇ ಪುಸ್ ಎಂದಿತು.

ಮತ್ತೊಮ್ಮೆ ಎತ್ತಿದ. ಪುಸ್.

ಮೂರನೆಯದೂ ಹಾಗೇ ಆಯಿತು. ಆತ ಬೇಸರದಿಂದಲೇ ಪಿಸ್ತೂಲನ್ನು ಮೇಜಿನ ಮೇಲಿಟ್ಟ. “ಸಾರಿ, ಲವ್. ಸರಿ ಮಾಡಿ ತನ್ನಿ, ಇನ್ನೊಮ್ಮೆ ನೋಡ್ತೀನಿ. ಆದರೆ ಪಂದ್ಯ ಇನ್ನರ್ಧ ಗಂಟೆಗೆ ಶುರು, ನಿಮಗಾಗಿ ನಿಲ್ಲಿಸೋಕೆ ಆಗಲ್ಲ.” ಇಲ್ಲಿ ಲವ್ ಅಂದರೆ ನಮ್ಮಲ್ಲಿ ಅಮ್ಮಾ ಅಂದ ಹಾಗೆ.

ಅತ್ತೆ ತಿರುಗಿ ಗ್ಲೆನಿಸ್ ಕಡೆ ನೋಡಿದರು. ಗ್ಲೆನಿಸ್ ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಲೊರೇನ್ ಯಾರದಾದರೂ ಪಿಸ್ತೂಲು ಎರವಲು ತರುತ್ತೇನೆ ಎಂದು ಓಡಿದಳು. ಅತ್ತೆಯ ಪುಟ್ಟ ಕೈಗೆ ಹೊಂದುವ ಹಿಡಿ ಯಾರ ಹತ್ತಿರವೂ ಇರಲಿಲ್ಲ. ಸಿಲಿಂಡರ್ ಕಳಚಿ, ಅಧಿಕಾರಿಯ ಕಣ್ಣೆದುರಿಗೇ ಅತ್ತೆ ಹಿಡಿ ಬಿಚ್ಚಿದರು. ಒಳಗೆ ಕೊಕ್ಕೆ ಕೂರುವ ಜಾಗದಲ್ಲಿ ಕೆಂಪಗೆ ಹೆಪ್ಪುಗಟ್ಟಿತ್ತು.

“ತುಕ್ಕಾ ಇದು?” ಅಧಿಕಾರಿ ಬಗ್ಗಿದ.

“ನೋ. ಪೂಜಾ” ಎಂದರು ಅತ್ತೆ. ಆತ ನನ್ನ ಮುಖ ನೋಡಿದ. ದೇವರ ಬಣ್ಣ ಎಂದೆ. ಆತ ಮೀಸೆ ತಡವಿಕೊಂಡು, ಇಷ್ಟು ವರ್ಷದಲ್ಲಿ ಈ ಕಾರಣ ಕೇಳಿರಲಿಲ್ಲ ಎಂದ.

ಎಣ್ಣೆ ಇಂಗಿ ಕುಂಕುಮ ಕಚ್ಚಿನ ಬುಡದಲ್ಲಿ ಗಟ್ಟಿಯಾಗಿ ಕೂತಿತ್ತು. ಕೊಕ್ಕೆಗೆ ಪೂರ್ತಿ ಕೆಳಗಿಳಿಯಲು ಜಾಗವೇ ಇರಲಿಲ್ಲ, ಅಂಚಿನ ಅಂಚಿನಲ್ಲಿ ನಿಂತಿತ್ತು. ಅಲ್ಲಿ ನಿಂತದ್ದು ಜಾರದೆ ಇನ್ನೇನು? ಅತ್ತೆ ಬತ್ತಿ ಹಿಡಿದು ಒಳಗೆ ತೂರಿಸಲು ನೋಡಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಬತ್ತಿ ಸ್ಪ್ರಿಂಗಿಗೇ ಸಿಕ್ಕಿಕೊಳ್ಳುತ್ತಿತ್ತು. ಅವರು ಅದನ್ನು ನನ್ನ ಕಡೆ ಚಾಚಿದರು.

“ನೀನು ಮಾಡು.”

“ಅತ್ತೆ, ನನಗೆ ಬರಲ್ಲ. ನಾನು ಯಾವತ್ತೂ ಮುಟ್ಟಿಲ್ಲ.”

“ಮುಟ್ಟದಿದ್ರೆ ಏನಾಯ್ತು? ಇಷ್ಟು ದಿನ ನನ್ನ ತಲೆಹರಟೆ ಕೇಳಿದ್ದೀಯಲ್ಲ. ಯಾವುದು ಎಲ್ಲಿ ಕೂರುತ್ತೆ ಅಂತ ನಿನಗೆ ಗೊತ್ತು. ಸ್ಪ್ರಿಂಗ್ ತಂಟೆಗೆ ಹೋಗಬೇಡ, ಕಚ್ಚು ಮಾತ್ರ ಒರೆಸು.”

ಅಧಿಕಾರಿ ಸರಿ ಎಂದು ತಲೆಯಾಡಿಸಿದ. ನಾನು ಕೂತೆ. ಆ ಪುಟ್ಟ ಗೂಡಿನೊಳಗೆ ಇಣುಕಿದಾಗ ಆದ ಆಶ್ಚರ್ಯವನ್ನು ಈಗಲೂ ಮರೆತಿಲ್ಲ. ಊಟದ ಮೇಜಿನ ಮೇಲೆ ಚಮಚ ಸೌಟುಗಳಲ್ಲಿ ಅತ್ತೆ ಕಟ್ಟಿ ತೋರಿಸಿದ್ದೆಲ್ಲ ಅಲ್ಲಿ ನಿಜವಾಗಿ ಇತ್ತು: ಇದು ಸುತ್ತಿಗೆ, ಇದು ಕಚ್ಚು, ಇದು ಮೊದಲ ಹಂತದ ಮೆತ್ತನೆಯ ಸ್ಪ್ರಿಂಗು, ಇದು ಎರಡನೆಯದರ ತಡೆ. ಯಾರೋ ಒಬ್ಬ ಪುಣ್ಯಾತ್ಮ ಕೂತು, ಮನುಷ್ಯನ ಬೆರಳು ಎಲ್ಲಿ ಅನುಮಾನಿಸುತ್ತದೆ, ಎಲ್ಲಿ ಧೈರ್ಯ ಮಾಡುತ್ತದೆ ಎಂದು ಯೋಚಿಸಿ ಇವನ್ನೆಲ್ಲ ಜೋಡಿಸಿದ್ದಾನೆ. ಎಂಥ ಚಂದದ ಬುದ್ಧಿ! ನನಗೆ ಆ ಗಡಿಬಿಡಿಯಲ್ಲೂ ಕೈ ಮುಗಿಯಬೇಕೆನಿಸಿತು. ಬತ್ತಿಗೆ ಶುದ್ಧ ಮಾಡುವ ಎಣ್ಣೆ ಅದ್ದಿ ಒರೆಸಿದೆ, ಕೆಂಪು ಬಂತು. ಇನ್ನೊಂದು ಬತ್ತಿಯಲ್ಲಿ ಒರೆಸಿದೆ, ಗುಲಾಬಿ. ಬತ್ತಿ ಬೆಳ್ಳಗೆ ಬರುವವರೆಗೂ ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ನಡುಕ ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು.

ಹಿಡಿ ಕೂರಿಸಿ, ಸಿಲಿಂಡರ್ ಹಾಕಿ ಕೊಟ್ಟೆವು. ಅಧಿಕಾರಿ ಬಟ್ಟು ತಗುಲಿಸಿ ಎತ್ತಿದ. ಮೇಜು ಬಿಟ್ಟಿತು. ಇನ್ನೂ ಮೇಲೆ ಹೋಯಿತು. ಗಾಳಿಯಲ್ಲಿ ನಿಧಾನ ತಿರುಗಿತು. ಪಿಸ್ತೂಲು ಸುಮ್ಮನಿತ್ತು. ಲೊರೇನ್ ನನ್ನನ್ನು ತಬ್ಬಿಕೊಂಡ ರಭಸಕ್ಕೆ ನನ್ನ ಕನ್ನಡಕ ಬಿತ್ತು.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡುವವರಿಗೆ ಅದರಲ್ಲಿ ಏನೂ ಇರುವುದಿಲ್ಲ: ಸಾಲಾಗಿ ನಿಂತ ಹೆಂಗಸರು, ಚಾಚಿದ ತೋಳು, ಪುಸ್, ಪುಸ್. ಕೊನೆಯ ಗುಂಡು ಮಾತ್ರ ಹೇಳಬೇಕು. ಲೊರೇನ್ ಮುಗಿಸಿದ್ದಳು, ಗ್ಲೆನಿಸ್ ಮುಗಿಸಿ ಮಂಡಿ ಹಿಡಿದು ಕೂತಿದ್ದಳು. ಅತ್ತೆಗೆ ಒಂದು ಉಳಿದಿತ್ತು. ತೋಳೆತ್ತಿದರು. ಮೂತಿ ನಡುಗಿತು. ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಗೋಡೆಯ ಗಡಿಯಾರದಲ್ಲಿ ಸಮಯ ಕರಗುತ್ತಿತ್ತು. ಹೊಡೆದುಬಿಡಿ ಅತ್ತೆ, ಎಲ್ಲಿಗಾದರೂ ಬೀಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ಇನ್ನೊಮ್ಮೆ ಇಳಿಸಿದರು! ಸಾವಿರ ಜನ ಒತ್ತಾಯ ಮಾಡಿದರೂ ಒತ್ತಬಾರದ ಹೊತ್ತಿನಲ್ಲಿ ಒತ್ತದೆ ಇರುವುದು ನನ್ನಂಥವಳಿಗೆ ಈ ಜನ್ಮದಲ್ಲಿ ಬಾರದು. ಆಮೇಲೆ ಎತ್ತಿದರು. ಬೆರಳು ಬಂತು, ನಿಂತಿತು. ತುಂಬ ಹೊತ್ತು ನಿಂತಿತು. ಪುಸ್.

ಹತ್ತಕ್ಕೆ ಒಂಬತ್ತು. ಸಮಯ ಮುಗಿದ ಗಂಟೆ ಅದರ ಬೆನ್ನಿಗೇ ಹೊಡೆಯಿತು.

ನಮ್ಮ ತಂಡಕ್ಕೆ ನಾಲ್ಕನೆಯ ಸ್ಥಾನ ಬಂತು. ನಾಲ್ಕನೆಯದಕ್ಕೆ ಏನೂ ಕೊಡುವುದಿಲ್ಲ. ಆದರೆ ಫಲಿತಾಂಶದ ಹಲಗೆಯ ಮೇಲೆ ಮೂವರ ಹೆಸರೂ ಒಟ್ಟಿಗೆ ಬಂದಿತ್ತು. ಗ್ಲೆನಿಸ್ ಕುಂಟುತ್ತಾ ಹೋಗಿ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡು, ಬಂದು ಅತ್ತೆಯ ಕೆನ್ನೆಗೆ ಮುತ್ತಿಟ್ಟಳು. ಅವಳು ಅಳುತ್ತಿದ್ದಳು.

ಎಲ್ಲ ಕಟ್ಟಿಕೊಳ್ಳುವಾಗ ನಾನು ಕೇಳಿದೆ. “ಅಷ್ಟು ನಡುಗ್ತಿತ್ತಲ್ಲ ಅತ್ತೆ, ಕೊನೇಲಿ ಹೇಗೆ ಹೊಡೆದ್ರಿ?”

ಅತ್ತೆ ಪೆಟ್ಟಿಗೆ ಮುಚ್ಚಿದರು. “ನಡುಕ ನಿಲ್ಲಲಿಲ್ಲ ಕಣೇ. ಬೆರಳು ಆ ಎರಡನೇ ಹಂತದ ತಡೆಗೆ ಬಂದು ತಾಗಿತು ನೋಡು, ಗಟ್ಟಿಯಾಗಿತ್ತು. ಒರೆಸಿದ್ದು ನೀನು ಅಂತ ನೆನಪಾಯ್ತು. ಅದಕ್ಕೆ ಒರಗಿಕೊಂಡು ಸುಮ್ಮನೆ ನಿಂತುಬಿಟ್ಟೆ.”